ನುಂಗಬಾರದ ಗುಟುಕು

ಗಂಡ ಉಗುಳಿದ್ದನ್ನು ತೊಳೆಯುವ ಕೆಲಸ ಯಾವ ಹೆಂಡತಿಗೆ ಇಷ್ಟವಾದೀತು ಹೇಳಿ? ವಾಕಡ ಬಡಾವಣೆಯ ನೀತಾಳಿಗೂ ಇಷ್ಟವಿರಲಿಲ್ಲ. ಆದರೂ ಹಲ್ಲಿನ ಡಾಕ್ಟರರ ದವಾಖಾನೆಯಲ್ಲಿನ ತನ್ನ ಕೆಲಸಕ್ಕೆ ಹೊರಡುವ ಮೊದಲು, ಗೊಣಗುತ್ತಲೇ ಆ ಸ್ಟೀಲಿನ ಡಬರಿ ತೊಳೆದಿಡುತ್ತಿದ್ದಳು. ಅದರಲ್ಲಿರುತ್ತಿದ್ದದ್ದು ವೈನು.

ಗಂಡ ಬಸವಪ್ರಭು ಹಿಂಜವಾಡಿಯ ದೊಡ್ಡ ಹೋಟೆಲಿಗೆ ಊಟ ಬಡಿಸುವವನಾಗಿ ಸೇರಿ, ಈಗ ಸೊಮೆಲಿಯೆ ಆಗಲು ಪರೀಕ್ಷೆಗೆ ಓದುತ್ತಿದ್ದ. ಯಾವ ಅಡುಗೆಗೆ ಯಾವ ವೈನು ಹೊಂದುತ್ತದೆ, ಯಾವುದನ್ನು ಎಷ್ಟು ತಣ್ಣಗೆ ಕೊಡಬೇಕು, ಯಾವ ಬಾಟಲಿ ಕೆಟ್ಟಿದೆ ಎಂದು ಬಲ್ಲವನಿಗೆ ಆ ಹೆಸರು. ಬೈಲಹೊಂಗಲದ ಲಿಂಗಾಯತರ ಮನೆಯ ಹುಡುಗನಿಗೆ ಇದೆಂಥ ಉದ್ಯೋಗ ಎಂದು ಮೂಗಿನ ಮೇಲೆ ಬೆರಳಿಟ್ಟವರು ಬೇಕಾದಷ್ಟು ಮಂದಿ. ಅವನ ಅವ್ವ ರುದ್ರವ್ವ ಮಾತ್ರ ಬೈಯಲಿಲ್ಲ. ಕೊರಳಲ್ಲಿನ ಲಿಂಗ ಮುಟ್ಟಿಸಿ ಆಣೆ ಮಾಡಿಸಿಕೊಂಡಳು.

"ಬಾಯಾಗ ಹಾಕ್ಕೋ, ರುಚಿ ನೋಡು, ಉಗುಳು. ಗಂಟಲಾಗ ಇಳೀಬಾರದು. ನಿಮ್ಮಪ್ಪನ್ನ ಕುಡತದಾಗ ಹೆಂಗ ಕಳಕೊಂಡೀನಿ, ನಿನಗ ಗೊತ್ತದ."

"ನಮ್ಮ ಕೆಲಸದಾಗ ಎಲ್ಲಾರೂ ಉಗುಳತಾರವ್ವ. ನುಂಗಿದ್ರ ನಾಲಿಗಿ ಮಬ್ಬಾಗತದ," ಎಂದ ಬಸವಪ್ರಭು.

ಸುಳ್ಳೇನಲ್ಲ. ಬಾಯೊಳಗೆ ತಿರುಗಿಸಿ ಉಗುಳುವುದು ಆ ವೃತ್ತಿಯ ರೂಢಿ. ಆಣೆಗೂ ಕೆಲಸಕ್ಕೂ ಎಷ್ಟು ಚೆನ್ನಾಗಿ ಹೊಂದಿತಲ್ಲ ಎಂದು ಅತ್ತೆ ಸೊಸೆ ಇಬ್ಬರೂ ನಿರಾಳವಾದರು. ಪಾಪ, ಎಡವಿದ್ದು ಅಲ್ಲೇ.

ಖಾಲಿ ಹೊಟ್ಟೆಯಲ್ಲಿ ನಾಲಿಗೆ ಚುರುಕಂತೆ, ಅದಕ್ಕೇ ಅಭ್ಯಾಸ ಬೆಳಿಗ್ಗೆ. ನೀತಾ ಬಾಟಲಿ ಮರೆಮಾಡಿ ಗ್ಲಾಸಿಗೆ ಸ್ವಲ್ಪ ಸುರಿದು ಕೊಡಬೇಕು. ಅವನು ಬಿಳಿ ಟವೆಲ್ಲಿನ ಮೇಲೆ ಗ್ಲಾಸನ್ನು ಓರೆ ಹಿಡಿದು ಬಣ್ಣ ನೋಡಬೇಕು, ತಿರುವಿ ಮೂಸಬೇಕು, ಗುಟುಕು ಬಾಯಿಗೆ ಹಾಕಿಕೊಂಡು ಏನೆಂದು ಹೇಳಬೇಕು. ಬಾಯಲ್ಲಿ ನೀರೂರಿದರೆ ಹುಳಿ ಹೆಚ್ಚು. ಎಳೆ ಬಾಳೆಕಾಯಿ ಕಚ್ಚಿದಂತೆ ವಸಡು ಒಣಗಿದರೆ ಒಗರು. ಕೆಂಪು ವೈನಿಗೆ ಅದು ದ್ರಾಕ್ಷಿಯ ಸಿಪ್ಪೆಯಿಂದ ಬರುತ್ತದೆ. ಒದ್ದೆ ರಟ್ಟಿನ ವಾಸನೆ ಬಂದರೆ ಬಿರಡೆಯಿಂದ ಕೆಟ್ಟಿದೆ, ಗಿರಾಕಿಯ ಮುಂದೆ ಇಡಬಾರದು. ನೀತಾ ತನ್ನ ಮಸಾಲೆ ಡಬ್ಬಿಯನ್ನೂ ಈ ಪಾಠಕ್ಕೆ ಬಿಟ್ಟುಕೊಟ್ಟಳು. ಅವನ ಕಣ್ಣಿಗೆ ಬಟ್ಟೆ ಕಟ್ಟಿ ಲವಂಗ, ಮೆಣಸು, ಚಕ್ಕೆ ಮೂಸಿಸಿ ಕೇಳುತ್ತಿದ್ದಳು. ಒಂದನ್ನೂ ತಪ್ಪು ಹೇಳುತ್ತಿರಲಿಲ್ಲ ಮಹಾರಾಯ. ಹೀಗೆ ಕೇಳಿ ಕೇಳಿ, ಹನಿ ವೈನು ಬಾಯಿಗೆ ಹಾಕದೆ, ಅವಳ ಮೂಗೂ ಪಳಗಿತು.

ದೀಪಾವಳಿ ಕಳೆದ ಮೇಲೆ ಡಬರಿ ಹಗುರಾಗತೊಡಗಿತು. ತೊಳೆಯುವ ಕೆಲಸ ಕಡಿಮೆಯಾಯಿತೆಂದು ಮೊದಲು ಖುಷಿಪಟ್ಟವಳು ಆಮೇಲೆ ಕೇಳಿಯೇ ಬಿಟ್ಟಳು.

"ನುಂಗಾಕ ಹತ್ತೀರೇನ್ರೀ?"

"ಒಂದೊಂದು ಗುಟುಕು. ನುಂಗಿದ ಮ್ಯಾಲೆ ರುಚಿ ಎಷ್ಟೊತ್ತು ನಿಲ್ಲತದ, ಅದನ್ನೂ ಪರೀಕ್ಷಾದಾಗ ಹೇಳಬೇಕಲ್ಲ. ಅವ್ವಗ ಹೇಳಬ್ಯಾಡ."

ಮಾತಿನಲ್ಲಿ ಅರ್ಧ ನಿಜವಿತ್ತು. ಆ ಅರ್ಧವನ್ನೇ ಗಟ್ಟಿಯಾಗಿ ಹಿಡಿದುಕೊಂಡು ಅವಳು ಚಳಿಗಾಲ ದೂಡಿದಳು. ಹೋಟೆಲಿನಿಂದ ತರುತ್ತಿದ್ದ ಸಣ್ಣ ಸೀಸೆಗಳ ಬದಲು ಬ್ಯಾಗಿನಲ್ಲಿ ಅಂಗಡಿಯ ದೊಡ್ಡ ಬಾಟಲಿಗಳು ಕಾಣಿಸಿದವು. ಪರೀಕ್ಷೆ ಮುಂದಿನ ಸಲ ಬರೆದರಾಯಿತು ಎಂದ. ಅಭ್ಯಾಸ ಮುಗಿಸಿ ಸೋಫಾದ ಮೇಲೆ ಮಲಗಿದರೆ, ಡ್ಯೂಟಿಗೆ ಎಬ್ಬಿಸುವಷ್ಟರಲ್ಲಿ ಅವಳಿಗೆ ಸಾಕುಸಾಕಾಗುತ್ತಿತ್ತು. ಊರಿನಿಂದ ರುದ್ರವ್ವ ಫೋನು ಮಾಡಿ, "ಉಗುಳತಾನಲ್ಲವಾ?" ಎಂದು ಕೇಳಿದಾಗಲೆಲ್ಲ, "ಹೌದ್ರಿ ಅತ್ತಿ," ಎಂದು ನೀತಾ ಬೇಗ ಫೋನು ಇಡುತ್ತಿದ್ದಳು. ಗಂಡನನ್ನು ಕಂಡರೆ ಈಗೀಗ ಅವಳಿಗೆ ಹೆದರಿಕೆಯಾಗುತ್ತಿತ್ತು. ಅವನು ಹೊಡೆಯುವವನಲ್ಲ, ಬೈಯುವವನೂ ಅಲ್ಲ. ಆದರೂ ಹೆದರಿಕೆ.

ಒಂದು ದಿನ ಡಬರಿ ಪೂರಾ ಒಣಗಿತ್ತು. ಅದನ್ನು ಅವನ ಮುಂದೆ ಹಿಡಿದಳು.

"ಏನ್ರೀ ಇದು?"

"ನನ್ನ ಮ್ಯಾಲೆ ಪೊಲೀಸಗಿರಿ ಮಾಡ್ತೀ ಏನು?" ಎಂದು ನಕ್ಕ. ಕಣ್ಣು ನಗಲಿಲ್ಲ.

ಮರುದಿನ ಅವಳು ಸ್ನಾನ ಮುಗಿಸಿ ಬರುವಷ್ಟರಲ್ಲಿ ಒಬ್ಬನೇ ಅಭ್ಯಾಸ ಮುಗಿಸಿದ್ದ. ಡಬರಿ ತುಂಬ ಕೆಂಪು. ನೀತಾಳಿಗೆ ಅಳುವೇ ಬಂತು. ಅಂತೂ ಮಾತು ನಾಟಿತಲ್ಲ ಎಂದುಕೊಂಡು ತೊಳೆಯಲು ಎತ್ತಿದವಳ ಕೈ ನಿಂತಿತು. ವೈನಿನ ಘಾಟಿಲ್ಲ. ಸಿಹಿ, ಹುಳಿ, ಹಿಂದೆಯೇ ಜೀರಿಗೆ. ಫ್ರಿಜ್ಜು ತೆರೆದು ನೋಡಿದಳು. ಬೇಸಿಗೆಗೆಂದು ತಾನೇ ಮಾಡಿಟ್ಟಿದ್ದ ಕೋಕಂ ಸರಬತ್ತಿನ ಬಾಟಲಿ ಅರ್ಧ ಇಳಿದಿತ್ತು.

ಇಷ್ಟು ಓದಿದವನು, ಇಷ್ಟು ಕಲಿತವನು, ಹೆಂಡತಿಯ ಕಣ್ಣಿಗೆ ಮಣ್ಣೆರಚಲು ಕೋಕಂ ಸುರಿಯುತ್ತಾನಲ್ಲ! ಸಿಟ್ಟು ನೆತ್ತಿಗೇರಿತು. ಜಗಳವಾಡಿ ಪ್ರಯೋಜನವಿಲ್ಲ, ಅವನ ಪಾಠದಲ್ಲೇ ಅವನು ಸಿಕ್ಕಿಬೀಳಲಿ ಎಂದುಕೊಂಡಳು. ಸಿಕ್ಕಿಬಿದ್ದು ತಲೆ ತಗ್ಗಿಸಿದರೆ ಸಾಕು, ಮುಂದಿನದನ್ನು ಇಬ್ಬರೂ ಸೇರಿ ಸರಿಪಡಿಸಿಕೊಳ್ಳಬಹುದು.

ಮಾರನೆಯ ಬೆಳಿಗ್ಗೆ ಎಂದಿನಂತೆ ಬೆನ್ನು ತಿರುಗಿಸಿ ನಿಂತು, ಗ್ಲಾಸಿಗೆ ಕೋಕಂ ಸುರಿದು ಅವನ ಮುಂದಿಟ್ಟಳು. ಈ ಸೀಮೆಯ ಎಳೆ ಕೂಸೂ ಗುರುತಿಸುವ ರುಚಿ.

ಬಸವಪ್ರಭು ಗ್ಲಾಸು ಓರೆ ಮಾಡಿದ. ತಿರುವಿದ. ಕಣ್ಣು ಮುಚ್ಚಿ ಮೂಸಿದ. ಗುಟುಕು ಬಾಯಲ್ಲಿ ತಿರುಗಿಸಿದ.

"ನಾಸಿಕ್ ಕಡೇದು," ಎಂದ, ಪರೀಕ್ಷಕರ ಮುಂದೆ ಕೂತವನ ಹಾಗೆ. "ನೇರಳೆಹಣ್ಣು ಅದ. ಮೆಣಸು ಅದ. ಒಗರು ಕಡಿಮಿ."

ನೀತಾ ಅವನ ಮುಖದಲ್ಲಿ ಕಳ್ಳತನ ಹುಡುಕಿದಳು. ಇರಲಿಲ್ಲ. ಅವನು ಸುಳ್ಳು ಹೇಳುತ್ತಿರಲಿಲ್ಲ. ಅವನಿಗೆ ನಿಜವಾಗಿಯೂ ಗೊತ್ತಾಗಿರಲಿಲ್ಲ. ಅವಳು ಏಳುವ ಮೊದಲೇ ಎಷ್ಟು ಕುಡಿದಿದ್ದನೋ, ಎಷ್ಟು ದಿನದಿಂದ ಹೀಗಿತ್ತೋ.

ಡಬರಿ ಅವನ ಮೊಣಕೈ ಪಕ್ಕದಲ್ಲೇ ಇತ್ತು. ಅವನು ನುಂಗಿದ, ಖಾಲಿ ಗ್ಲಾಸು ಮುಂದೆ ಚಾಚಿದ.

"ಇನ್ನೊಂಚೂರು ಹಾಕು ನೀತಾ. ಇದು ಭಾಳ ಚಲೋ ಅದ."