ಬಾಯ್ಲರ್ ಸರಿ ಇತ್ತು, ನೀರು ತಣ್ಣಗಿತ್ತು

ಮೈಗೆ ಎಣ್ಣೆ ಹಚ್ಚಿಕೊಂಡು ಬಚ್ಚಲಿಗೆ ಹೋದ ಮೇಲೆ ಬಿಸಿನೀರು ಬರದಿದ್ದರೆ ನೀವು ಯಾರನ್ನು ಕೂಗುತ್ತೀರಿ?

ನಾನೂ ಕೂಗಲು ಬಾಯಿ ತೆರೆದೆ. ತೆರೆದ ಮೇಲೆ ನೆನಪಾಯಿತು, ಮನೆಯಲ್ಲಿ ಯಾರೂ ಇಲ್ಲ. ಬಾಯಿ ಮುಚ್ಚಿಕೊಂಡು ಈ ಪರದೇಶದ ಊರು ಗೈದರ್ಸ್‌ಬರ್ಗ್‌ನ ಚಳಿಗಾಲದ ನೀರನ್ನು ಹಾಗೇ ಸುರಿದುಕೊಂಡೆ. ಆ ಅನುಭವವನ್ನು ವರ್ಣಿಸುವುದಿಲ್ಲ. (ಈ ಅಂಕಣವನ್ನು ಮಕ್ಕಳೂ ಓದುತ್ತಾರಂತೆ.)

ನಮ್ಮ ಮನೆಯದು ಕಾಂಬಿ ಬಾಯ್ಲರ್. ಗೋಡೆಗೆ ತೂಗುಹಾಕಿದ ಒಂದೇ ಪೆಟ್ಟಿಗೆ. ಮನೆಯನ್ನೂ ಅದೇ ಬೆಚ್ಚಗಿಡಬೇಕು, ಸ್ನಾನದ ನೀರನ್ನೂ ಅದೇ ಕಾಯಿಸಬೇಕು. ನೀರು ತುಂಬಿಡುವ ಟ್ಯಾಂಕ್ ಇಲ್ಲ. ನಲ್ಲಿ ತೆರೆದರೆ ಉರಿ ಹೊತ್ತಿಕೊಳ್ಳುತ್ತದೆ, ನಿಲ್ಲಿಸಿದರೆ ಆರುತ್ತದೆ. ಈ ಪೆಟ್ಟಿಗೆಯೇ ಬೇಕೆಂದು ಕೊಂಡವಳು ನಾನೇ. ಬೆಲೆ ಇಳಿಸಲು ಎಷ್ಟು ಜಗ್ಗಾಡಿದೆನೆಂದರೆ, ಸೇಲ್ಸ್‌ಮನ್ ಸುಸ್ತಾಗಿ ನನ್ನ ಯಜಮಾನರ ಕಡೆ ತಿರುಗಿ, "ಸರ್, ಶಿ ಶುಡ್ ವರ್ಕ್ ಫಾರ್ ಅಸ್" ಎಂದಿದ್ದ.

"ಸಾರಿ, ವಿ ಆಲ್ ವರ್ಕ್ ಫಾರ್ ಹರ್" ಎಂದಿದ್ದರು ಇವರು.

ಇವರು ಹೋದದ್ದು ಕಳೆದ ಬೇಸಿಗೆಯಲ್ಲಿ. ಆಮೇಲೆ ದೂರದ ನಾರ್‌ಕ್ರಾಸ್‌ನಲ್ಲಿ ಮಗಳು ಸ್ಮಿತಾಳ ಜೊತೆ ಇದ್ದೆ. ಚಳಿ ಶುರುವಾದಾಗ ಹಠ ಹಿಡಿದು ವಾಪಸ್ ಬಂದೆ. ಗ್ಯಾರೇಜಿನಲ್ಲಿ ಬ್ಲೌಸ್ ಹೊಲಿಯುತ್ತ ಕಟ್ಟಿದ ವ್ಯಾಪಾರ ಇಲ್ಲಿದೆ, ಗಿರಾಕಿಗಳು ಇಲ್ಲಿದ್ದಾರೆ. ಬಂದ ದಿನದಿಂದಲೇ ಈ ಕಾಟ. ಹೀಟಿಂಗ್ ಫಸ್ಟ್ ಕ್ಲಾಸ್. ಬಚ್ಚಲಲ್ಲೂ ಅಡುಗೆಮನೆಯಲ್ಲೂ ತಣ್ಣೀರು.

ಇಂಥ ಹೊತ್ತಲ್ಲಿ ಏನು ನೋಡಬೇಕು? ಹೇಳಿಬಿಡುತ್ತೇನೆ, ಯಾರಿಗಾದರೂ ಉಪಯೋಗವಾಗಲಿ. ಮೊದಲು ಪ್ರೆಷರ್ ಮುಳ್ಳು ಹಸಿರು ಪಟ್ಟಿಯಲ್ಲಿದೆಯೇ ನೋಡಿ. ರೀಸೆಟ್ ಒಂದು ಸಲ ಒತ್ತಿ. ಮತ್ತೆ ಆರಿದರೆ ಲಿಫ್ಟ್ ಬಟನ್ ಒತ್ತಿದ ಹಾಗೆ ಒತ್ತುತ್ತ ನಿಲ್ಲಬೇಡಿ. ಮನೆ ಬೆಚ್ಚಗಿದ್ದು ನೀರು ಮಾತ್ರ ತಣ್ಣಗಿದ್ದರೆ, ತಣ್ಣೀರು ಒಳಬರುವ ಕಡೆಯ ಫಿಲ್ಟರ್ ಕಟ್ಟಿದೆಯೇ ಅಂತ ರಿಪೇರಿಯವರನ್ನು ಕೇಳಿ. ಪೆಟ್ಟಿಗೆಯ ಮುಚ್ಚಳ ನೀವು ತೆಗೆಯಬೇಡಿ. ಗ್ಯಾಸ್ ವಾಸನೆ ಬಂದರೆ ಮೊದಲು ಹೊರಗೆ ಓಡಿ, ಆಮೇಲೆ ಫೋನ್ ಮಾಡಿ.

ನಮ್ಮ ಬಾಯ್ಲರ್ ಈ ಎಲ್ಲದರಲ್ಲೂ ಪಾಸು.

ಟೆಕ್ನಿಷಿಯನ್ ಬಂದ. ಬಚ್ಚಲಿನ ನಲ್ಲಿ ಪೂರ್ತಿ ತಿರುಗಿಸಿದ. ಹಬೆಯಾಡುವ ನೀರು! ಡಾಕ್ಟರ ಮುಂದೆ ಜ್ವರ ಇಳಿಯುತ್ತದಲ್ಲ, ಹಾಗೆ. ಅವನ ವ್ಯಾನ್ ರಸ್ತೆ ತಿರುಗಿತು, ನೀರು ತಣ್ಣಗಾಯಿತು. ಮತ್ತೆ ಕರೆಸಿದೆ, ಮತ್ತೆ ಅದೇ. ಬಿಟ್ಟು ಬಿಟ್ಟು ಬರುವ ಫಾಲ್ಟ್ ಹುಡುಕುವುದು ಕಷ್ಟ, ಹೊಸದೇ ಹಾಕಿಸಿಬಿಡಿ ಎಂದ.

ನಾನು ಒಲೆಯ ಮೇಲೆ ನೀರು ಕಾಯಿಸಿ ಪಾತ್ರೆಯನ್ನು ಮಹಡಿಗೆ ಹೊರತೊಡಗಿದೆ. ವಿಡಿಯೋ ಕಾಲ್‌ನಲ್ಲಿ ಮಗಳು ನೋಡಿಬಿಟ್ಟಳು.

"ಅಮ್ಮಾ, ಇನಫ್. ಸ್ಟೆಪ್ಸ್ ಮೇಲೆ ಬಿದ್ರೆ ಯಾರು ನೋಡ್ತಾರೆ? ಮನೆ ಸೇಲ್ ಮಾಡು. ಐ ಆಮ್ ಕಮಿಂಗ್ ಟು ಗೆಟ್ ಯೂ."

ಬಂದೇ ಬಂದಳು, ಮನೆ ಮಾರಿಸಿಕೊಡುವ ಒಬ್ಬ ರಿಯಲ್ಟರ್ ನಂಬರ್ ಇಟ್ಟುಕೊಂಡು. ನಾನು ಎಂಥೆಂಥವರ ಜೊತೆ ಚೌಕಾಸಿ ಮಾಡಿದವಳು! ಆದರೆ ತಣ್ಣೀರಿನಲ್ಲಿ ನಿಂತು ಯಾರಾದರೂ ಚೌಕಾಸಿ ಗೆದ್ದದ್ದುಂಟೆ? ಒಳಗೊಳಗೇ ಸೋತಿದ್ದೆ. ಹೊಲಿಗೆ ಮಷೀನ್ ಅವಳ ಕಾರಿನಲ್ಲಿ ಹಿಡಿಸುತ್ತದೆಯೇ ಎಂದು ಕಣ್ಣಳತೆಯನ್ನೂ ಮಾಡಿದ್ದೆ.

ಮರುದಿನ ಬೆಳಿಗ್ಗೆ ಸ್ಮಿತಾ ಕೆಳಗೆ ಪಾತ್ರೆ ತೊಳೆಯುತ್ತಿದ್ದಳು. ನಾನು ಬಚ್ಚಲಿನಲ್ಲಿ. ಶವರ್ ನನಗೆ ಆಗಿಬರುವುದಿಲ್ಲ. ಬಕೆಟ್ಟೂ ಮಗ್ಗೂ ಬೇಕು. ಹುಬ್ಬಳ್ಳಿಯಲ್ಲಿ ನೀರು ಬರುವ ದಿನವನ್ನು ಹಬ್ಬದ ಹಾಗೆ ಕಾದು ಬೆಳೆದವಳು ನಾನು. ನಲ್ಲಿಯನ್ನು ದಾರದ ಎಳೆಯಷ್ಟು ಬಿಟ್ಟು, ಅದು ತುಂಬುವ ತನಕ ಕಾಯುವುದು ನನ್ನ ಪದ್ಧತಿ. ಬ್ಲೌಸಿನ ಬಟ್ಟೆಯಾಗಲಿ, ನೀರಾಗಲಿ, ನನ್ನ ಕೈಯಲ್ಲಿ ಚೂರೂ ಪೋಲಾಗದು. ಯಾಕೋ ಆ ಎಳೆಗೆ ಕೈಯೊಡ್ಡಿದೆ.

ಬಿಸಿ!

ಕೆಳಗಿನಿಂದ ನೀರು ಭೋರ್ಗರೆಯುವ ಸದ್ದು. ಇಂಥ ಸದ್ದು ಕೇಳಿದರೆ ನನ್ನ ಬಾಯಿ ನನ್ನ ಅಪ್ಪಣೆಗೆ ಕಾಯುವುದಿಲ್ಲ.

"ನಳ ಬಂದ್ ಮಾಡ್ರೀ!"

ಸದ್ದು ನಿಂತಿತು. ಸ್ವಲ್ಪ ಹೊತ್ತಿಗೆ ಕೈಮೇಲಿನ ನೀರೂ ತಣ್ಣಗಾಯಿತು.

"ಅಮ್ಮಾ? ಯಾರ್ ಜೊತೆ ಮಾತಾಡ್ತಾ ಇದೀ?"

"ಯಾರ ಜೋಡಿನೂ ಇಲ್ಲವಾ. ನಳ ಮತ್ತ ಚಾಲೂ ಮಾಡು."

"ಬಟ್ ಯೂ ಜಸ್ಟ್ ಸೆಡ್..."

"ಮಾಡಂದ್ರ ಮಾಡು!"

ಮಾಡಿದಳು. ಮತ್ತೆ ಬಿಸಿ.

ವಿಷಯ ಇಷ್ಟೇ. ಇಂತಿಷ್ಟು ನೀರು ಹರಿಯದೆ ಕಾಂಬಿ ಬಾಯ್ಲರ್ ಉರಿ ಹಚ್ಚುವುದಿಲ್ಲ. ಬಚ್ಚಲಲ್ಲಾಗಲಿ ಅಡುಗೆಮನೆಯಲ್ಲಾಗಲಿ, ನನ್ನ ಎಳೆಯನ್ನು ಅದು ನೀರೆಂದೇ ಲೆಕ್ಕಕ್ಕೆ ಹಿಡಿದಿರಲಿಲ್ಲ. ಮೊದಲೆಲ್ಲ ನಾನು ಸ್ನಾನಕ್ಕಿಳಿದ ಹೊತ್ತಿಗೆ ಕೆಳಗೆ ಇವರು ಪಾತ್ರೆ ತೊಳೆಯುತ್ತಿದ್ದರು, ಹೊಲಕ್ಕೆ ನೀರು ಬಿಟ್ಟ ಹಾಗೆ ಬಿಸಿನೀರು ಬಿಟ್ಟುಕೊಂಡು. ನಾನು ಬಚ್ಚಲಿನಿಂದಲೇ ಬೈಯುತ್ತಿದ್ದೆ. ಇವರು "ಆತು, ಆತು" ಎನ್ನುತ್ತ ಹಾಗೇ ಮುಂದುವರಿಸುತ್ತಿದ್ದರು. ಆ ದುಂದಿನಿಂದಲೇ ನನ್ನ ಸ್ನಾನದ ನೀರು ಕಾಯುತ್ತಿತ್ತು. ಒಂದೇ ಒಂದು ದಿನ ನನ್ನ ಮಾತು ಕೇಳಿ ನಿಲ್ಲಿಸಿದ್ದರೆ ಅಂದೇ ಗೊತ್ತಾಗುತ್ತಿತ್ತು!

ಕೆಳಗಿಳಿದು ಬಂದು ಹೇಳಿದಾಗ ಸ್ಮಿತಾ ನಕ್ಕಳು. "ಸೋ ಜಸ್ಟ್ ಓಪನ್ ಇಟ್ ಫುಲ್, ಅಮ್ಮಾ!" ಆಮೇಲೆ ನಗು ನಿಲ್ಲಿಸಿ, ತೊಳೆದಿಟ್ಟ ಪಾತ್ರೆಯನ್ನೇ ಮತ್ತೆ ತೊಳೆಯತೊಡಗಿದಳು. ಭಾನುವಾರ ಒಬ್ಬಳೇ ಹೊರಟಳು. ರಿಯಲ್ಟರ್ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ.

ಒಬ್ಬರೇ ಇರುವವರಿಗೆ ನನ್ನ ಸಲಹೆ: ಹೊಸ ಬಾಯ್ಲರ್‌ಗೆ ಆರ್ಡರ್ ಕೊಡುವ ಮೊದಲು ನಿಮ್ಮ ನಲ್ಲಿಯನ್ನು ಒಮ್ಮೆ ಪೂರ್ತಿ ತೆರೆದು ನೋಡಿ.

ನಾನು? ಬಚ್ಚಲಿನ ನಲ್ಲಿಯನ್ನು ಈಗಲೂ ಎಳೆಯಷ್ಟೇ ಬಿಡುತ್ತೇನೆ. ಮಹಡಿ ಹತ್ತುವ ಮೊದಲು ಅಡುಗೆಮನೆಯ ನಲ್ಲಿಯನ್ನು ಪೂರ್ತಿ ತೆರೆದಿಟ್ಟು ಹೋಗುತ್ತೇನೆ. ನೀರು ಪೋಲು, ಗ್ಯಾಸ್ ಪೋಲು, ಗೊತ್ತು. ಮೇಲಿನಿಂದ ಒಂದು ಸಲ ಬೈಯುತ್ತೇನೆ ಕೂಡ.

ಎಂದಿನಂತೆ, ಯಾರೂ ನಿಲ್ಲಿಸುವುದಿಲ್ಲ.