ನಯವಾಗಿದ್ದ ಬೆಸುಗೆ

ಖಾಸಿಂಬೀ, ನಿಮ್ಮ ಕೈಯಲ್ಲಿ ಯಾವ ದೋಷವೂ ಇರಲಿಲ್ಲ. ಇದೆ ಎಂದು ಮೂರು ವರ್ಷದ ಹಿಂದೆ ನಾನು ಹೇಳಿದ್ದು ಸುಳ್ಳು. ನೀವು ಅದನ್ನು ನಂಬಿ ಇಕ್ಕಳ, ಊದುಗೊಳವೆ ಎಲ್ಲವನ್ನೂ ಯಾರಿಗೋ ಕೊಟ್ಟುಬಿಟ್ಟಿರಿ — ನಾನು ನೋಡುತ್ತ ನಿಂತೆ.

ಸಿರುಗುಪ್ಪದಲ್ಲಿ ನಿಮ್ಮ ಮನೆಯ ಕಟ್ಟೆಯ ಮೇಲೆ ಕೂತು ನೀವು ಕೂಸುಗಳ ಕಾಲಿಗೆ ಹಿತ್ತಾಳೆ ಗೆಜ್ಜೆ ಮಾಡುತ್ತಿದ್ದಿರಿ. ನಾನು ಸಾಮಾನು ತಂದುಕೊಟ್ಟು, ಮಾಡಿದ್ದನ್ನು ಬಳ್ಳಾರಿಯ ಅಂಗಡಿಗೆ ಒಯ್ಯುತ್ತಿದ್ದೆ. ಗೆಜ್ಜೆ ಮುಗಿದಾಗಲೆಲ್ಲ ತೊಳೆದು, ಎಲ್ಲಾದರೂ ಚುಚ್ಚುತ್ತದೆಯೇ ಎಂದು ಬೆಸುಗೆಯ ಮೇಲೆ ನಾಲಿಗೆ ಆಡಿಸಿ ನೋಡುತ್ತಿದ್ದಿರಿ. ಉಪ್ಪು ಸರಿಯಿದೆಯೇ ಎಂದು ನಾನು ಕೆಣಕುತ್ತಿದ್ದೆ.

"ಕೂಸಿನ ಬಾಯಾಗ ಹೋಗೋದೈತವ್ವ, ಮೊದ್ಲು ನನ್ನ ಬಾಯಾಗ ಹೋಗ್ಲಿ" ಎನ್ನುತ್ತಿದ್ದಿರಿ.

ಆಮೇಲೆ ಅಂಗಡಿಯವರು, ಮಕ್ಕಳ ಒಡವೆಗೆ ಪ್ರಯೋಗಾಲಯದ ವರದಿ ಇಲ್ಲದಿದ್ದರೆ ಇಟ್ಟುಕೊಳ್ಳುವುದಿಲ್ಲ, ನಿಯಮ ಬಂದಿದೆ ಎಂದರು. ನನಗೆ ಸಿಟ್ಟು ಬಂತು. ಕಟ್ಟೆಯ ಮೇಲೆ ಒಬ್ಬಾಕೆ ಮಾಡುವ ಗೆಜ್ಜೆಗೂ ದೊಡ್ಡ ಕಾರ್ಖಾನೆಗೂ ಒಂದೇ ಕಾನೂನೇ? ಗೊಣಗುತ್ತಲೇ ಒಂದು ಜೊತೆ ಕಳಿಸಿದೆ. ಹಿತ್ತಾಳೆ ಸರಿಯಿತ್ತು, ಬೆಸುಗೆಯಲ್ಲಿ ಸೀಸ ಮಿತಿ ಮೀರಿದೆ, ಬಾಯಿಗೆ ಹೋದರೆ ವಿಷ ಎಂದು ವರದಿ ಬಂತು.

ಆ ಬೆಸುಗೆ ತಂತಿ ತಂದದ್ದು ನಾನು. ನೀವು ಹೇಳಿದ್ದ ಅಂಗಡಿ ಬಿಟ್ಟು, ಅಗ್ಗಕ್ಕೆ ಸಿಕ್ಕಿತೆಂದು ಟಿವಿ ರಿಪೇರಿಯವರು ಬಳಸುವ ತಂತಿಯನ್ನು ಆ ವರ್ಷವಿಡೀ ತಂದಿದ್ದೆ. ಇದು ಬಹಳ ಬೇಗ ಕರಗುತ್ತದಲ್ಲ ಎಂದು ನೀವು ಒಮ್ಮೆ ಕೇಳಿದಿರಿ. ಹೊಸ ಕಂಪನಿಯದು ಎಂದು ಬಾಯಿಗೆ ಬಂದದ್ದು ಹೇಳಿದ್ದೆ.

ವರದಿಯನ್ನು ಸೀರೆಗಳ ಅಡಿಗೆ ಸೇರಿಸಿ ನಿಮ್ಮಲ್ಲಿಗೆ ಬಂದೆ.

"ನಿಮ್ಮ ಕೆಲಸದಾಗ ಮೊದಲಿನ ನಯ ಇಲ್ಲಂತ್ರೀ. ಅಂಗಡಿಯವ್ರು ಬ್ಯಾಡಂದ್ರು."

ನೀವು ಜಗಳವಾಡಲಿಲ್ಲ. ಎರಡೂ ಅಂಗೈಗಳನ್ನು ಬೆಳಕಿಗೆ ಹಿಡಿದು ನೋಡಿಕೊಂಡು, "ವಯಸ್ಸಾತಲ್ಲವ್ವ" ಎಂದಿರಿ. ಆಮೇಲೆ ನನಗೇ ಚಹಾ ಮಾಡಲು ಎದ್ದಿರಿ. ನಿಮಗೆ ನೋವಾಗದಿರಲಿ ಎಂದೇ ಮುಚ್ಚಿಟ್ಟೆ ಎಂದು ನನ್ನ ಬೆನ್ನು ನಾನೇ ತಟ್ಟಿಕೊಂಡೆ. ಅಲ್ಲ — ನನ್ನ ಮಾನ ಉಳಿಯಬೇಕಿತ್ತು, ಅಷ್ಟೇ.

ಕಳೆದ ವಾರ ಕುರುಗೋಡಿನಲ್ಲಿ ನನ್ನ ತಂಗಿಯ ಮೊಮ್ಮಗಳು ತೊಟ್ಟಿಲಲ್ಲಿ ಕಾಲೆತ್ತಿ ಗೆಜ್ಜೆ ಚೀಪುತ್ತಿದ್ದಳು. ಅವಳ ಅಕ್ಕನಿಗೆಂದು ನಾನೇ ಕೊಟ್ಟಿದ್ದ, ನೀವು ಆ ವರ್ಷ ಮಾಡಿದ ಜೊತೆ. ಬಿಚ್ಚಿದರೆ ಅತ್ತಳು. ಅವಳ ತಾಯಿಗೆ ಎಲ್ಲ ಹೇಳಿದೆ. ಇಬ್ಬರು ಮಕ್ಕಳ ರಕ್ತವನ್ನೂ ಪರೀಕ್ಷೆಗೆ ಕೊಟ್ಟು ಬಂದಿದ್ದಾರೆ. ಫಲಿತಾಂಶ ಇನ್ನೂ ಬಂದಿಲ್ಲ.

ಹೇಳುತ್ತಿದ್ದಾಗಲೇ ನಿಮ್ಮ ನೆನಪಾಯಿತು. ಆ ಕೂಸು ಚೀಪಿದ್ದು ಒಂದು ಜೊತೆ. ನೀವು — ಆ ವರ್ಷ ಮಾಡಿದ ಪ್ರತಿಯೊಂದನ್ನೂ... ನಿಮ್ಮ ನಾಲಿಗೆ ಹುಡುಕುತ್ತಿದ್ದದ್ದು ಚುಚ್ಚುವ ಅಂಚನ್ನು. ನಾನು ತಂದುಕೊಟ್ಟದ್ದು ನಯವಾಗಿತ್ತು, ಖಾಸಿಂಬೀ.

ನಾಳೆ ಬೆಳಗಿನ ಬಸ್ಸಿಗೆ ವರದಿ ಹಿಡಿದು ಬರುತ್ತೇನೆ. ನಿಮಗೆ ಓದಲು ಬಾರದು. ಅದನ್ನೂ ಈ ಕಾಗದವನ್ನೂ ನಾನೇ ಓದಿ ಹೇಳಬೇಕು. ಮೊದಲು ನಿಮ್ಮನ್ನು ಡಾಕ್ಟರ ಬಳಿ ಕರೆದೊಯ್ಯುತ್ತೇನೆ, ಆಮೇಲೆ ಆ ಗೆಜ್ಜೆ ಇರುವ ಮನೆಗಳನ್ನು ಹುಡುಕುತ್ತೇನೆ. ಒಳಗೆ ಕರೆಯದಿದ್ದರೂ ಸರಿ. ನನ್ನನ್ನು ಕಂಡ ಕೂಡಲೇ ಚಹಾಕ್ಕೆಂದು ಮಾತ್ರ ಏಳಬೇಡಿ — ಮೊದಲು ಕೇಳಿಸಿಕೊಳ್ಳಿ.