ಬ್ಯಾಟರಿ ಅಕ್ಕನ ಕೊನೆಯ ಕ್ಲಿಪ್ಪು

ನಮ್ಮ ಬೀದಿ ಕೊನೆಯಲ್ಲಿ ಬ್ಯಾಟರಿ ರಿಪೇರಿ ಅಂಗಡಿ ಇಟ್ಟಿರೋಳನ್ನ ಎಲ್ಲರೂ ಬ್ಯಾಟರಿ ಅಕ್ಕ ಅಂತಲೇ ಕರೆಯೋದು. ಮುಂದೆ ಅಂಗಡಿ, ಹಿಂದೆ ಅವಳು ವಾಸ ಇರೋ ಒಂದೇ ಕೋಣೆ. ಆಸಿಡ್ ಬಿದ್ದು ತೂತಾದ ಅವಳ ಬಟ್ಟೆಗೆಲ್ಲ ತೇಪೆ ಹಾಕೋನು ದರ್ಜಿಯಾದ ನಾನೇ. ನನಗೋ ಮೂಗಿನ ತುದಿಯಲ್ಲೇ ಕೋಪ. ಅವಳಿಗೆ ಆಕಾಶ ಕಳಚಿ ಬಿದ್ದರೂ ಅವಸರವಿಲ್ಲ.

ಅವತ್ತು ಬೆಳಿಗ್ಗೆ ನನ್ನ ಹೆಂಡತಿಗೆ ಹೆರಿಗೆ ನೋವು ಶುರುವಾಯ್ತು. ಹಿಂದಿನ ಸಂಜೆ ಈ ಮಹಾಶಯ, ಅಂದ್ರೆ ನಾನೇ, ಕಾರಿನ ಲೈಟ್ ಆರಿಸೋದನ್ನೇ ಮರೆತಿದ್ದ. ಕೀಲಿ ತಿರುಗಿಸಿದರೆ ಟಿಕ್ ಅಂದು ಸುಮ್ಮನಾಯ್ತು. ಆಂಬುಲೆನ್ಸ್ ಬರೋಕೆ ಮುಕ್ಕಾಲು ಗಂಟೆ ಅಂದ್ರು. ಹಿಂದಿನ ಸೀಟಲ್ಲಿ ಅವಳು ಹಲ್ಲು ಕಚ್ಚಿ ನರಳ್ತಿದ್ದರೆ ನನ್ನ ಜೀವ ಬಾಯಿಗೆ ಬಂತು. ಅಕ್ಕನಿಗೆ ಫೋನ್ ಮಾಡಿದೆ.

ತಳ್ಳುಗಾಡಿಯಲ್ಲಿ ಚಾರ್ಜ್ ಆದ ಬ್ಯಾಟರಿ ಇಟ್ಕೊಂಡು ಬಂದಳು. ನನ್ನ ಬ್ಯಾಟರಿ ಎಲ್ಲಾದರೂ ಒಡೆದಿದೆಯಾ, ಸೋರ್ತಿದೆಯಾ ಅಂತ ಬಗ್ಗಿ ಬಗ್ಗಿ ನೋಡಿದಳು.

“ಅಕ್ಕಾ, ಬೇಗ! ಬೇಗ!”

“ಹೆರೋಳು ಅವಳೋ ನೀನೋ? ಕಿರುಚಾಟ ನಿಲ್ಸಿ ಕೀಲಿ ಆಫ್ ಮಾಡು.”

ಕೆಂಪು ತಂತಿಯ ಒಂದು ತುದಿ ನನ್ನ ಬ್ಯಾಟರಿಯ ಪ್ಲಸ್‌ಗೆ, ಇನ್ನೊಂದು ಅವಳದರ ಪ್ಲಸ್‌ಗೆ. ಕಪ್ಪು ತಂತಿ ಅವಳದರ ಮೈನಸ್‌ಗೆ. ಉಳಿದದ್ದು ಒಂದೇ ಕ್ಲಿಪ್ಪು. ನಾನು ತಡೀಲಾರದೆ ಅದನ್ನ ಕಿತ್ಕೊಂಡು ನನ್ನ ಬ್ಯಾಟರಿಯ ಮೈನಸ್‌ಗೆ ಹಾಕಲು ಬಗ್ಗಿದೆ. ಅವಳು ಮುಂಗೈಗೆ ಕೊಟ್ಟ ಏಟಿಗೆ ಕೈಯೆಲ್ಲ ಜುಮ್ ಅಂತು.

“ದೂರ ನಿಲ್ಲೋ! ಬ್ಯಾಟರಿಯಿಂದ ಗ್ಯಾಸ್ ಬರ್ತಿರುತ್ತೆ. ಅಲ್ಲಿ ಕಿಡಿ ಹಾರಿದ್ರೆ ಸಿಡಿಯುತ್ತೆ. ಆತುರಗಾರನಿಗೆ ಬುದ್ಧಿ ಮಟ್ಟ!”

ಬ್ಯಾಟರಿಯಿಂದ ದೂರಕ್ಕೆ, ಎಂಜಿನ್ನಿನ ಬರೀ ಕಬ್ಬಿಣಕ್ಕೆ, ಮುಖ ಆಚೆ ತಿರುಗಿಸಿ ಅದನ್ನ ಸಿಕ್ಕಿಸಿದಳು. ಚಟ್ ಅಂತ ಕಿಡಿ ಹಾರಿತು. ಅಬ್ಬಾ! ಅದು ನನ್ನ ಮೂಗಿನ ಕೆಳಗೇ ಹಾರ್ತಿತ್ತಲ್ಲ ಅಂತ ಎರಡು ಹೆಜ್ಜೆ ಹಿಂದೆ ಸರಿದೆ.

ಕಾರು ಸ್ಟಾರ್ಟ್ ಆಯ್ತು. ಹಾಕಿದ್ದಕ್ಕೆ ತಿರುಗುಮುರುಗಾಗಿ, ಕೊನೇ ಕ್ಲಿಪ್ಪಿಂದ ಶುರುಮಾಡಿ ಅಷ್ಟೇ ನಿಧಾನಕ್ಕೆ ಬಿಚ್ಚಿದಳು. “ಆಸ್ಪತ್ರೆ ತನಕ ಎಂಜಿನ್ ಆಫ್ ಮಾಡ್ಬೇಡ, ಹೊರಡು” ಅಂದಳು.

ಆಸ್ಪತ್ರೆ ಸೇರಿದ ಹತ್ತೇ ನಿಮಿಷಕ್ಕೆ ಮಗಳು ಹುಟ್ಟಿದಳು. ಸಂಜೆ ಅಕ್ಕ ನೋಡೋಕೆ ಬಂದಳು. ಯಾವಾಗಲೂ ಹಾಕಿರೋ ದಪ್ಪ ಕನ್ನಡಕ ತೆಗೆದು, ಮಗುವನ್ನ ಬಲಗಣ್ಣಿನ ಹತ್ತಿರ ಹಿಡಿದು ನೋಡಿದಳು.

“ಅದ್ಯಾಕಕ್ಕಾ ಹಾಗೆ?”

“ಎಡಗಣ್ಣು ಗಾಜಿಂದು ಕಣೋ. ನಮ್ಮನೆಯವರಿಗೆ ಎದೆನೋವು ಬಂದ ದಿನ ನಾನೂ ನಿನ್ನ ಹಾಗೇ ಅವಸರ ಮಾಡಿದ್ದೆ. ಬ್ಯಾಟರಿ ಸಿಡಿದು ಕಣ್ಣೂ ಹೋಯ್ತು, ಕಾರೂ ಸ್ಟಾರ್ಟ್ ಆಗ್ಲಿಲ್ಲ. ಅವರೂ ಉಳೀಲಿಲ್ಲ.”

ಅಂಥಾದ್ದನ್ನ ಕಂಡ ಮೇಲೂ, ನನ್ನ ಹೆಂಡತಿ ನರಳೋದು ಕೇಳ್ತಾ ಇದ್ದರೂ, ಬೆಳಿಗ್ಗೆ ಆ ಕೈ ಒಂದು ಸಲವೂ ನಡುಗಿರಲಿಲ್ಲ. ಇಂಥ ಗಟ್ಟಿ ಜೀವವನ್ನ ನಾನು ಕಂಡೇ ಇಲ್ಲ.